ಕಾಲಿಗೆ ನೀರು

ಕಾಳೀ ನದಿಯ ದಂಡೆಯಲ್ಲಿ ಒಂದು ಆಶ್ರಮ, ಪಕ್ಕದಲ್ಲೇ ಒಂದು ಚಿಕ್ಕ ಇಗರ್ಜಿ. ಗುರು ಫಾದರ್ ಸಾಲ್ವದೋರ್ ವಯಸ್ಸಾದವರು, ಮಾತು ಕಡಿಮೆ. ಶಿಷ್ಯ ಬ್ರದರ್ ಲಾರೆನ್ಸ್ ಹೊಸಬ, ಮಾತು ಜಾಸ್ತಿ.

ಪವಿತ್ರ ಗುರುವಾರ ಬಂತು. ಏಸುಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ಹನ್ನೆರಡು ಮಂದಿಯನ್ನು ಕುರ್ಚಿಯಲ್ಲಿ ಕೂರಿಸಿ, ಗುರುಗಳು ಅವರ ಕಾಲು ತೊಳೆಯುವುದು ರೂಢಿ. ಆ ಹನ್ನೆರಡು ಮಂದಿಯನ್ನು ಆರಿಸುವ ಕೆಲಸ ಈ ಸಲ ಶಿಷ್ಯನದು.

ಕಾಡಿನಂಚಿನ ಕೇರಿಯಲ್ಲಿ ಸಿದ್ದಿಗಳಿದ್ದರು. ಅವರ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತಂದಿದ್ದರು. ಗುಲಾಮಗಿರಿ ಹೋಯಿತು, ಬಣ್ಣ ಉಳಿಯಿತು. ಇಗರ್ಜಿಯಲ್ಲಿ ಅವರು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ನಿಲ್ಲಿ ಅಂತ ಯಾರೂ ಹೇಳಿರಲಿಲ್ಲ. ಕೂತುಕೊಳ್ಳಿ ಅಂತಲೂ ಯಾರೂ ಹೇಳಿರಲಿಲ್ಲ.

ಶಿಷ್ಯ ಅವರಲ್ಲೊಬ್ಬನನ್ನು ಕರೆದ. ಹೆಸರು ಬಸ್ತ್ಯಾಂವ. ಈವರೆಗೆ ಯಾರೂ ಮಾಡದ ಕೆಲಸ ಮಾಡಿದೆನೆಂದು ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದ.

ಗುರುವಾರ ಸಂಜೆ ಹನ್ನೊಂದು ಕುರ್ಚಿ ತುಂಬಿದವು. ಹನ್ನೆರಡನೆಯದು ಖಾಲಿ. ಗುರುಗಳು ಅದರ ಮುಂದೆಯೂ ಮೊಣಕಾಲೂರಿ ಸ್ವಲ್ಪ ಹೊತ್ತು ಇದ್ದು ಎದ್ದರು.

ಮರುದಿನ ಏಸುಸ್ವಾಮಿ ಶಿಲುಬೆಯಲ್ಲಿ ಸತ್ತ ಶುಭ ಶುಕ್ರವಾರ. ಬೆಳಿಗ್ಗೆ ಕೇರಿಯಿಂದ ಮಾತು ಬಂತು: ಇನ್ನು ಮೇಲೆ ನಾವ್ಯಾರೂ ಇಗರ್ಜಿಗೆ ಕಾಲಿಡುವುದಿಲ್ಲ.

ಶಿಷ್ಯನಿಗೆ ಸಿಟ್ಟು ಬಂತು. "ನೋಡಿ ಗುರುಗಳೇ! ಕುರ್ಚಿ ಕೊಟ್ಟರೂ ಬೇಡವಂತೆ."

"ಕರೆಯುವಾಗ ಏನು ಹೇಳಿದೆ?"

"ಕೊನೆಯ ಕುರ್ಚಿ ನಿನ್ನದು ಅಂದೆ. ಸೋಪು ಹಚ್ಚಿ ಕಾಲು ಚೆನ್ನಾಗಿ ತೊಳೆದುಕೊಂಡು ಬಾ ಅಂದೆ."

"ಉಳಿದ ಹನ್ನೊಂದು ಮಂದಿಗೂ ಸೋಪು ಅಂದೆಯಾ?"

ಶಿಷ್ಯ ತಲೆ ಕೆರೆದುಕೊಂಡ. "ಅವರಿಗೆ ಹಾಗೆ ಹೇಳೋಕಾಗತ್ತಾ?"

"ಕೊನೆಯ ಕುರ್ಚಿ ಯಾಕೆ?"

"ಅವನ ಕಾಲು ಒರೆಸಿದ ಬಟ್ಟೆ ತಮಗೂ ತಾಗಿತು ಅಂತ ಊರವರು ಗೊಣಗಬಾರದಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಹಾಗೆ ಮಾಡಿದೆ."

"ಇದರಲ್ಲಿ ಹಾವು ಯಾರಪ್ಪ?"



ಗುರುಗಳು ಊರುಗೋಲು ತೆಗೆದುಕೊಂಡರು. "ನಡಿ."

ಕೇರಿಯ ದಾರಿ ಕೆಂಪು ಧೂಳು. ಬಸ್ತ್ಯಾಂವನ ಮನೆ ಮುಟ್ಟುವಾಗ ಇಬ್ಬರ ಕಾಲೂ ಮೊಣಕಾಲವರೆಗೆ ಕೆಂಪಾಗಿತ್ತು.

ಬಸ್ತ್ಯಾಂವ ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದ. ಬನ್ನಿ ಅನ್ನಲಿಲ್ಲ. ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಂಡನೇ ಅಂತ ಶಿಷ್ಯ ಹೆದರಿದ.

ಅವನು ಎರಡು ತಂಬಿಗೆ ನೀರು ತಂದು ಹೊಸ್ತಿಲ ಮುಂದಿಟ್ಟ. ಎಷ್ಟು ಸಿಟ್ಟಿದ್ದರೂ ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡದೆ ಇರಲು ಅವನಿಂದ ಆಗಲಿಲ್ಲ.

ಗುರುಗಳು ಕಾಲು ತೊಳೆದುಕೊಂಡರು. ಶಿಷ್ಯ ತಂಬಿಗೆ ಹಿಡಿದು ಹಾಗೇ ನಿಂತ. ತನ್ನ ಪಾದಗಳನ್ನೇ ನೋಡಿದ.

"ತಪ್ಪಾಯಿತು," ಎಂದ. "ನನ್ನನ್ನು ಕ್ಷಮಿಸಿ ಬಸ್ತ್ಯಾಂವಣ್ಣ."

"ಕ್ಷಮಿಸುವುದು ಏನು ಮಹಾ ಬ್ರದರ್. ನನ್ನ ಅಪ್ಪನೂ ಸಾಯುವ ತನಕ ಕ್ಷಮಿಸಿದ. ಬಾಗಿಲ ಹತ್ತಿರ ನಿಂತುಕೊಂಡೇ ಕ್ಷಮಿಸಿದ."

ಬಸ್ತ್ಯಾಂವ ಮತ್ತೆ ಬುಟ್ಟಿ ಕೈಗೆತ್ತಿಕೊಂಡ.

"ಇವತ್ತು ಮೂರು ಗಂಟೆಗೆ ಶಿಲುಬೆಗೆ ಮುತ್ತಿಡಬೇಕು. ಪ್ರತಿ ವರ್ಷ ಊರವರದೆಲ್ಲ ಮುಗಿದ ಮೇಲೆ ನಮ್ಮ ಸರದಿ. ನಾವು ಬಂದರೆ ಎಲ್ಲಿ ನಿಲ್ಲಬೇಕು? ಅದನ್ನು ಹೇಳಿ."

"ಮುಂದೆ," ಎಂದ ಶಿಷ್ಯ. "ಮೊದಲ ಸಾಲಿನಲ್ಲಿ. ಮೊದಲ ಮುತ್ತು ನಿಮ್ಮದು."

ಬಸ್ತ್ಯಾಂವ ಗುರುಗಳ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಬುಟ್ಟಿ ಪಕ್ಕಕ್ಕಿಟ್ಟು, ಕೇರಿಯವರಿಗೆ ಹೇಳಿ ಬರುತ್ತೇನೆ ಅಂತ ಹೊರಟ.

ಹಿಂತಿರುಗುವ ದಾರಿಯಲ್ಲಿ ಶಿಷ್ಯನಿಗೆ ಭಯ ಶುರುವಾಯಿತು. "ಗುರುಗಳೇ, ಊರವರು ಎದ್ದು ಹೋಗಿಬಿಟ್ಟರೆ?"

"ಹೋಗಲಿ."

"ಇಗರ್ಜಿ ಖಾಲಿಯಾಗತ್ತಲ್ಲ!"

"ಬಾಗಿಲು ತೆರೆದಿಡು. ಹೊಸ್ತಿಲಲ್ಲಿ ಕಾಲಿಗೆ ನೀರಿಡು. ತೊಳೆದುಕೊಂಡು ಬನ್ನಿ ಅಂತ ಮಾತ್ರ ಯಾರಿಗೂ ಹೇಳಿ ಕಳಿಸಬೇಡ."