ಎರಡು ಮೊಳೆ, ಒಂದು ಎಳೆ

ಗದ್ದಲ ಬಿಟ್ಟು ಹತ್ತಿರ ಕೂತ್ಕೊಳ್ಳಿ ಮಕ್ಕಳೇ, ಹೇಳ್ತೀನಿ. ನಮ್ಮ ನೇಕಾರರ ಸಂಘದ ಅಧ್ಯಕ್ಷ ಗುರುಬಸಪ್ಪನಿಗೆ ಫೋನಿನಲ್ಲಿ ಐದು ಸಾವಿರ ಸ್ನೇಹಿತರು. ಒಂದು ದಿನ ಗುಮಾಸ್ತನನ್ನು ಕರೆದ.

“ಇವರಲ್ಲಿ ನನ್ನ ನಂಬಿಕಸ್ಥರನ್ನೆಲ್ಲ ಹಲಗೆ ಮೇಲೆ ನೂಲು ಕಟ್ಟಿ ತೋರಿಸು. ಸಂಜೆಯೊಳಗೆ ಆಗದಿದ್ರೆ ಕೆಲಸ ಬಿಡು!”

ಗುಮಾಸ್ತ ಹಲಗೆಯ ನಡುವೆ ಒಂದು ಮೊಳೆ ಹೊಡೆದ. “ಇದು ನೀವು, ಯಜಮಾನ್ರೇ. ಲಾಕ್ ತೆಗೆದ ಫೋನನ್ನು ಒಂದು ಗಂಟೆ ಯಾರ ಕೈಗೆ ಕೊಡ್ತೀರೋ ಅವರಿಗೆ ಎಳೆ ಕಟ್ತೀನಿ. ಅಮ್ಮಾವ್ರಿಗೆ, ನಿಮ್ಮ ಹೆಂಡತಿಗೆ?”

“ಅಯ್ಯೋ, ಬೇಡ!”

“ತಮ್ಮನಿಗೆ?”

“ಥೂ, ಅವನಿಗಾ!”

ಒಂದೊಂದು ಹೆಸರಿಗೂ ಬೇಡ ಬೇಡ ಅನ್ನುತ್ತಲೇ ಹೊತ್ತು ಇಳಿಯಿತು. ಗುರುಬಸಪ್ಪ ಬೆವರಿದ. “ಕೊಟ್ರೆ ನಿನಗೇ ಕೊಡಬೇಕು ಮಾರಾಯ.”

ಗುಮಾಸ್ತ ಇನ್ನೊಂದೇ ಮೊಳೆ ಹೊಡೆದು ಎಳೆ ಕಟ್ಟಿದ. “ಇದು ನಾನು. ಕಿತ್ತರೆ ನಿಮಗೆ ಒಬ್ಬರೂ ಉಳಿಯೋಲ್ಲ.”

ಗುಮಾಸ್ತ ಅಲ್ಲೇ ದುಡಿದು ನಿವೃತ್ತನಾದ. ಹಲಗೆಯನ್ನು ಗುರುಬಸಪ್ಪನ ಹೆಂಡತಿ ಒಯ್ದು ಅಡುಗೆಮನೆಯಲ್ಲಿ ತೂಗುಹಾಕಿದಳು. ಅವನು ದಿನಾ ಅದರೆದುರೇ ಕೂತು ಉಣ್ತಾನೆ.