ಯಾರಿಂದ?

"ಇಂಗ್ಲಿಷಿನಲ್ಲಿ 'ಇಸ್' ಬರುವ ಕಡೆ ಜರ್ಮನ್ ಭಾಷೆ 'ವಿರ್ಡ್' ಎನ್ನುವುದೇಕೆ?" ಎಂದು ಪ್ರಫುಲ್ಲ ಕೇಳಿದಳು. "ಕರ್ಮಣಿ ಪ್ರಯೋಗ ಬಂದಾಗಲೆಲ್ಲ ನಾನು 'ಇಸ್ಟ್' ಎಂದು ಬರೆಯುತ್ತೇನೆ, ನೀವು ಹೊಡೆದುಹಾಕುತ್ತೀರಿ. 'ಇದೆ' ಎನ್ನುವ 'ಇಸ್ಟ್', 'ಆಗುತ್ತದೆ' ಎನ್ನುವ 'ವಿರ್ಡ್', ಎರಡೂ ಒಂದೇ ಅಲ್ಲವೇ?"

ಮಂಗಳೂರಿನಲ್ಲಿ ಜರ್ಮನ್ ಕಲಿಸುವ ಐರೀನ್ ಟೀಚರ್ ಪುಸ್ತಕ ಮುಚ್ಚಿ ಹೇಳಿದರು:

ಒಬ್ಬ ದಾದಿ ಇದ್ದಳು. ನಮ್ಮ ಕಡೆಯಿಂದ ಹೋಗಿ ಜರ್ಮನಿಯ ಸಣ್ಣ ಊರೊಂದರಲ್ಲಿ ಹೆರಿಗೆ ವಾರ್ಡು ನೋಡಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ವಾರ್ಡಿನ ಬಾಗಿಲಿಗೆ ಚೀಟಿ ಅಂಟಿಸಿತ್ತು: 'ಡೀ ಶ್ಟಾಟ್ಸಿಯೋನ್ ವಿರ್ಡ್ ಗೆಶ್ಲೊಸ್ಸನ್.' ಅವಳು ಅದನ್ನು ಇಂಗ್ಲಿಷಿನ ದಾರಿಯಲ್ಲಿ ಓದಿಕೊಂಡಳು: ವಾರ್ಡು ಮುಚ್ಚಿದೆ. ಮುಗಿದುಹೋದ ಮಾತಿಗೆ ಏನು ಮಾಡುವುದು? ಕಣ್ಣೊರೆಸಿಕೊಂಡು ತನ್ನ ಸಾಮಾನನ್ನು ಚೀಲಕ್ಕೆ ತುಂಬತೊಡಗಿದಳು.

ಅಲ್ಲಿ ದಿನ ತುಂಬಿದ ಬಸುರಿಯೊಬ್ಬಳು ಮಲಗಿದ್ದಳು. ಬೇರೆ ಹೆರಿಗೆ ಆಸ್ಪತ್ರೆ ಎಪ್ಪತ್ತು ಕಿಲೋಮೀಟರ್ ದೂರ. ವಾರ್ಡು ಮುಚ್ಚಿದೆಯಂತೆ ಎಂದು ದಾದಿ ಹೇಳಿದ್ದೇ ತಡ, ಆ ಬಸುರಿ ಎದ್ದು ಕುಳಿತು ರೇಗಿದಳು.

"ಚೀಟಿಯಲ್ಲಿ 'ಇಸ್ಟ್' ಎಂದಿದೆಯೇ? 'ವಿರ್ಡ್' ಎಂದಿದೆ. ಮುಚ್ಚಿಲ್ಲ, ಮುಚ್ಚಲಾಗುತ್ತಿದೆ. ಆಗುತ್ತಿರುವುದನ್ನು ತಡೆಯಬಹುದು. ಚೀಲ ಕೆಳಗಿಡು!"

ದಾದಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ಚೀಟಿಯನ್ನು ಮತ್ತೆ ಓದಿದಳು. ಏನಾಗುತ್ತಿದೆ ಎಂದಿತ್ತು, ಮಾಡುವವರು ಯಾರೆಂದು ಇರಲಿಲ್ಲ. ಆ ಭಾಷೆಯಲ್ಲಿ ಮಾಡುವವರನ್ನು ಹೇಳಬೇಕಾದರೆ 'ಫೊನ್' ಸೇರಿಸಿ ಹೆಸರು ಬರೆಯಬೇಕು. ಅವಳು ಪೆನ್ನು ತೆಗೆದು ಚೀಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: 'ಫೊನ್ ವೇಮ್?' ಯಾರಿಂದ?

ಆಸ್ಪತ್ರೆಯ ಅಧಿಕಾರಿ ಓಡಿಬಂದ. "ಇದನ್ನು ಅಳಿಸು. ಮೇಲಿನಿಂದ ಹಾಗೆ ಹೇಳಲಾಗುತ್ತಿದೆ."

"ಹೇಳುವವರ ಹೆಸರನ್ನು ಇಲ್ಲಿ ಬರೆಯಿರಿ. ಬರೆದರೆ ನಾನೇ ಬೀಗ ಹಾಕಿ ಹೋಗುತ್ತೇನೆ," ಎಂದು ಅವಳು ಪೆನ್ನು ಚಾಚಿದಳು.

ಅಧಿಕಾರಿ ಪೆನ್ನು ಮುಟ್ಟಲಿಲ್ಲ. ತನ್ನ ಮೇಲಿನವನನ್ನು ಕಳಿಸಿದ. ಆತನೂ ಮುಟ್ಟಲಿಲ್ಲ. ಸಂಬಳ ನಿಲ್ಲಿಸುತ್ತೇವೆ ಎಂದರು, ಊರಿಗೆ ಅಟ್ಟುತ್ತೇವೆ ಎಂದರು. ಅವಳು ದಿನವೂ ಹೊತ್ತಿಗೆ ಸರಿಯಾಗಿ ಬಂದು ಬಾಗಿಲು ತೆರೆದಳು. ಒಂಬತ್ತು ದಿನಗಳಲ್ಲಿ ಅಲ್ಲಿ ನಾಲ್ಕು ಮಕ್ಕಳು ಹುಟ್ಟಿದವು. ಮೊದಲನೆಯದು ಆ ರೇಗಿದವಳದೇ. ಹೆಸರು ಬರೆಯಲು ಮಾತ್ರ ಯಾರೂ ಬರಲಿಲ್ಲ. ಹತ್ತನೆಯ ದಿನ ಬಾಗಿಲಲ್ಲಿ ಚೀಟಿ ಇರಲಿಲ್ಲ.

"ಅಂತೂ ವಾರ್ಡು ಉಳಿಯಿತು," ಎಂದು ಪ್ರಫುಲ್ಲ ನಿಟ್ಟುಸಿರುಬಿಟ್ಟಳು.

"ಉಳಿಯಿತು ಎನ್ನಬೇಡ," ಎಂದರು ಟೀಚರ್, "ಉಳಿಸಿದಳು ಎನ್ನು."