ಹೆಬ್ಬೆರಳಿನ ಗುಳಿ

ಚಂಗಪ್ಪನವರ ಬಳಿ ಇದ್ದ ಪಿಸ್ತೂಲು ಒಂದೇ. ಅದಕ್ಕೆ ತೊಡಿಸುವ ಹಿಡಿಗಳು ಮಾತ್ರ ಹನ್ನೊಂದು. ತಿಂಗಳಿಗೊಂದು ಹಿಡಿ ಬದಲಿಸುವುದು, ಬೇಸರ ಬಂದದ್ದನ್ನು ಶೂಟಿಂಗ್ ಕ್ಲಬ್ಬಿನ ಗೆಳೆಯರಿಗೆ ಕೊಟ್ಟು ಅವರದನ್ನು ತರುವುದು ಅವರ ಖಯಾಲಿ. ಪಿಸ್ತೂಲಿನ ಜತೆಗೇ ಬಂದಿದ್ದ ಬೀಟೆ ಮರದ ಹಿಡಿ ಪೆಟ್ಟಿಗೆಯ ತಳದಲ್ಲಿ ಬಿದ್ದುಕೊಂಡು, ತನ್ನನ್ನು ಮತ್ತೆ ಯಾವಾಗ ತೊಡಿಸುತ್ತಾರೋ ಎಂದು ಕಾಯುತ್ತಿತ್ತು.

ಒಂದು ಭಾನುವಾರ ಅವರು ಅದನ್ನೂ ಕ್ಲಬ್ಬಿಗೆ ಒಯ್ದರು. ಗೆಳೆಯ ಹಿಡಿದು ನೋಡಿ, “ಇದರಲ್ಲಿ ನಿನ್ನ ಹೆಬ್ಬೆರಳಿನ ಗುಳಿ ಬಿದ್ದಿದೆಯಲ್ಲ ಮಾರಾಯ, ನನ್ನ ಬೆರಳು ಕೂರುವುದಿಲ್ಲ,” ಎಂದು ಮರಳಿಸಿದ.

ಬೀಟೆ ಹಿಗ್ಗಿತು. ಮನೆಗೆ ಬಂದ ಚಂಗಪ್ಪನವರು ಅದನ್ನೇ ಪಿಸ್ತೂಲಿಗೆ ಕೂಡಿಸಿ ಹಿಡಿದರು. ಹತ್ತು ಹಿಡಿಗಳ ರುಚಿ ಕಂಡಿದ್ದ ಹೆಬ್ಬೆರಳು ಅತ್ತಿತ್ತ ತಡಕಾಡಿತೇ ಹೊರತು ತನ್ನದೇ ಗುಳಿಯಲ್ಲಿ ಕೂರಲಿಲ್ಲ. ಅವರು ಅದನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿ, ಹೊಸದಾಗಿ ತಂದ ಎಮ್ಮೆಕೊಂಬಿನ ಹಿಡಿಯನ್ನು ತೊಡಿಸಿದರು.

“ಅಜ್ಜ, ಆ ಗುಳಿ ಬೀಳಲು ಎಷ್ಟು ಕಾಲ ಹಿಡಿಯಿತು?” ಎಂದು ಕೊಂಬಿನ ಹಿಡಿ ಮೇಲಿನಿಂದ ಕೇಳಿತು.

“ಹತ್ತೊಂಬತ್ತು ವರ್ಷ. ಆಗ ಅವರಿಗೆ ನಾನೊಬ್ಬನೇ ಇದ್ದೆ.”

“ಈಗ?”

“ಈಗಲೂ ಒಬ್ಬನೇ ಇದ್ದೇನೆ.”

“ನನ್ನಲ್ಲೂ ಅಂಥದೊಂದು ಗುಳಿ ಬೀಳಲಿ. ಎಷ್ಟು ವರ್ಷವಾದರೂ ನಾನು ಇಲ್ಲೇ ಇರುತ್ತೇನೆ,” ಎಂದಿತು ಕೊಂಬು.

ಚಂಗಪ್ಪನವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಇನ್ನೂ ಕೆಳಗಿಟ್ಟಿರಲಿಲ್ಲ.